ಸೋಮಾರಿ ಎನ್ನುವ ಅಧಿಕಾರ

ಒಬ್ಬರು ಇನ್ನೊಬ್ಬರ ಮೇಲೆ ಹೊರಿಸುವ ಆರೋಪಗಳಲ್ಲಿ 'ಸೋಮಾರಿ' ಎಂಬುದಕ್ಕೆ ಬೇಕಾಗುವ ಸಾಕ್ಷ್ಯ ತೀರ ಕಡಿಮೆ. ಕಳ್ಳನೆನ್ನಬೇಕಾದರೆ ಕಳವು ಸಿದ್ಧವಾಗಬೇಕು. ಸುಳ್ಳನೆನ್ನಬೇಕಾದರೆ ಸುಳ್ಳನ್ನು ಹಿಡಿದು ತೋರಿಸಬೇಕು. ಸೋಮಾರಿ ಎನ್ನುವುದಕ್ಕೆ ಆತ ಸುಮ್ಮನೆ ಕುಳಿತಿರುವುದನ್ನು ಒಮ್ಮೆ ಕಂಡರೆ ಸಾಕು. ಅಧ್ಯಾಪಕ ವೃತ್ತಿಯಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದ ನಾವು ಈ ಪದವು ಎಷ್ಟು ಸಲೀಸಾಗಿ ನಾಲಗೆಯ ತುದಿಗೆ ಬರುತ್ತದೆಂಬುದನ್ನು ಶಾಲೆಯಲ್ಲಿಯೂ ಮನೆಗಳಲ್ಲಿಯೂ ಕೇಳುತ್ತಲೇ ಬಂದವರು. ಒಬ್ಬ ಹುಡುಗನಿಗಲ್ಲ, ಒಂದು ಊರಿಗೆ, ಒಂದು ಜನಸಮುದಾಯಕ್ಕೆ ಈ ಹೆಸರನ್ನು ಅಂಟಿಸಿದಾಗ ಅದರ ನ್ಯಾಯಾನ್ಯಾಯವೇನು ಎಂದು ನಿಂತು ಯೋಚಿಸುವ ಅವಕಾಶ ನಮಗೆ ಒದಗಿದ್ದು ಬಹು ದೂರದ ಒಂದು ಕಡಲತೀರದಲ್ಲಿ.

ಆ ಊರಿನ ಹೆಸರು ಕಾವೀತಾ. ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ಪೂರ್ವ ಕರಾವಳಿಯಲ್ಲಿ, ಕೆರಿಬಿಯನ್ ಸಮುದ್ರಕ್ಕೆ ಮುಖ ಮಾಡಿ ನಿಂತ ಊರು. ಅಮೆರಿಕದಲ್ಲಿರುವ ಮಗಳ ಮನೆಗೆ ನಾವು ದಂಪತಿಗಳು ಹೋಗಿದ್ದಾಗ, ಮೊಮ್ಮಕ್ಕಳ ರಜೆಯಲ್ಲಿ ಎರಡು ಸಂಸಾರಗಳು ಕೂಡಿ ಅಲ್ಲಿಗೆ ಹೊರಟವು, ನಮ್ಮನ್ನೂ ಕರೆದೊಯ್ದರು. ರಾಜಧಾನಿ ಸಾನ್ ಹೊಸೆಯಿಂದ ಮಳೆಕಾಡಿನ ಬೆಟ್ಟಗಳನ್ನು ದಾಟಿ, ಲಿಮೋನ್ ಎಂಬ ಬಂದರು ಪಟ್ಟಣಕ್ಕೆ ಇಳಿದು, ಅಲ್ಲಿಂದ ದಕ್ಷಿಣಕ್ಕೆ ಇನ್ನೂ 40 ಕಿಲೋಮೀಟರಿಗಿಂತ ತುಸು ಹೆಚ್ಚು ಸಾಗಬೇಕು. ಊರೆಂದರೆ ಕೆಲವೇ ಬೀದಿಗಳು. ಹಲಗೆಯ ಗೋಡೆ, ತಗಡಿನ ಮಾಡು, ಎದುರಿಗೊಂದು ಜಗಲಿ ಇರುವ ಮನೆಗಳು. ಕಾರುಗಳಿಗಿಂತ ಸೈಕಲ್ಲುಗಳು ಹೆಚ್ಚು. ಒಂದು ಕಡೆ ಕಪ್ಪು ಮರಳಿನ ತೀರ, ಇನ್ನೊಂದು ಕಡೆ ಬಿಳಿ ಮರಳಿನದು. ದಂಡೆಯುದ್ದಕ್ಕೂ ತೆಂಗು ಮತ್ತು ನಮ್ಮ ಕಡಲತಡಿಯ ಅದೇ ಅಗಲ ಎಲೆಯ ಬಾದಾಮಿ ಮರ. ಕಾಸರಗೋಡಿನವರಾದ ನಮಗೆ ಸ್ವಂತ ಹಿತ್ತಲಿಗೆ ಬಂದಂತೆ ತೋರಿತು. ಸೂರ್ಯ ಮಾತ್ರ ಅಲ್ಲಿ ಕಡಲಿನಿಂದ ಏಳುತ್ತಾನೆ. ಕಡಲಿಗೆ ಮುಳುಗುವ ಸೂರ್ಯನನ್ನೇ ಎಪ್ಪತ್ತು ವರ್ಷ ನೋಡಿದ ಕಣ್ಣಿಗೆ ಇದು ಕೊನೆಯ ದಿನದವರೆಗೂ ಹೊಂದಿಕೆಯಾಗಲಿಲ್ಲ.

ಹಿತ್ತಲುಗಳಲ್ಲಿ ಜೀಗುಜ್ಜೆಯ ಮರಗಳೂ ಇದ್ದವು. ಈ ಮರ ಕೆರಿಬಿಯನ್ನಿನದಲ್ಲ. ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರಿಗೆ ಅಗ್ಗದಲ್ಲಿ ಹೊಟ್ಟೆ ತುಂಬಿಸುವ ಉಪಾಯವಾಗಿ, ವಿಲಿಯಂ ಬ್ಲೈ ಎಂಬ ಇಂಗ್ಲಿಷ್ ನೌಕಾಧಿಕಾರಿ 1793ರಲ್ಲಿ ಪೆಸಿಫಿಕ್ ದ್ವೀಪಗಳಿಂದ ಇದರ ಸಸಿಗಳನ್ನು ಹಡಗಿನಲ್ಲಿ ತಂದು ಜಮೈಕಾ ಮುಂತಾದ ಕಡೆ ಇಳಿಸಿದ. ಈಗ ಅದನ್ನು ಮರಗೆಣಸು, ಬಾಳೆಕಾಯಿಗಳ ಜೊತೆ ತೆಂಗಿನ ಹಾಲಿನಲ್ಲಿ ಬೇಯಿಸಿ ಉಣ್ಣುತ್ತಾರೆ. ಮೀನು ಹಾಕದೆ ನಮಗಾಗಿ ಬೇರೆಯೇ ಮಾಡಿಕೊಟ್ಟರು. ಬೆಲ್ಲ, ಶುಂಠಿ, ಲಿಂಬೆಹುಳಿ ಸೇರಿಸಿದ ಒಂದು ಪಾನೀಯವನ್ನೂ ಕುಡಿದೆವು. ಅದರ ಸ್ಪ್ಯಾನಿಷ್ ಹೆಸರಿನ ಅರ್ಥ 'ಕಪ್ಪೆಯ ನೀರು' ಎಂದು. ರುಚಿ ರಾಮನವಮಿಯ ಪಾನಕದ್ದೇ.

ಪ್ರವಾಸಿಗಳನ್ನು ಈ ಊರಿಗೆ ಸೆಳೆಯುವ ಜೀವಿಯೊಂದಿದೆ. ಇಂಗ್ಲಿಷಿನಲ್ಲಿ ಅದಕ್ಕೆ 'ಸ್ಲಾತ್' ಎನ್ನುತ್ತಾರೆ, ಸ್ಪ್ಯಾನಿಷಿನಲ್ಲಿ 'ಪೆರೆಸೋಸೊ'. ಎರಡರ ಅರ್ಥವೂ ಸೋಮಾರಿತನಕ್ಕೆ ಸಂಬಂಧಿಸಿದ್ದೇ. ಕ್ರೈಸ್ತ ಪರಂಪರೆಯು ಎಣಿಸುವ ಏಳು ಮಹಾಪಾಪಗಳಲ್ಲಿ ಒಂದರ ಹೆಸರು ಈ ಬಡ ಪ್ರಾಣಿಗೆ ಬಂದಿದೆ. ಮರದ ಕೊಂಬೆಗೆ ತಲೆಕೆಳಗಾಗಿ ಜೋತುಬಿದ್ದು, ಒಂದು ಕೈಯನ್ನು ಚಾಚಿ ಎಲೆಯನ್ನು ಹಿಡಿಯುವಷ್ಟರಲ್ಲಿ ನೋಡುವವರ ಕತ್ತು ನೋಯುತ್ತದೆ. ಆದರೆ ಅದು ಹಾಗಿರುವುದಕ್ಕೆ ಕಾರಣವಿದೆ. ತಿನ್ನುವುದು ಎಲೆಯನ್ನು, ಎಲೆಯಲ್ಲಿ ಸತ್ತ್ವ ಅತ್ಯಲ್ಪ, ಜೀರ್ಣವಾಗಲು ಹಲವು ದಿನಗಳೇ ಬೇಕು. ದೊರೆತಷ್ಟೇ ಶಕ್ತಿಯಲ್ಲಿ ಬದುಕನ್ನು ಅಳವಡಿಸಿಕೊಂಡ ಪ್ರಾಣಿ ಅದು. ಮಲವಿಸರ್ಜನೆಗೆಂದು ಮರದಿಂದ ಇಳಿಯುವುದು ವಾರಕ್ಕೊಮ್ಮೆ ಮಾತ್ರ. ಅಲುಗಾಡದಿರುವುದರಿಂದಲೇ ಹದ್ದಿನ ಕಣ್ಣಿಗೆ ಬೀಳದೆ ಉಳಿಯುತ್ತದೆ. ಕುದುರೆಯ ವೇಗವನ್ನು ಅಳತೆಗೋಲಾಗಿ ಹಿಡಿದುಕೊಂಡು ಬಂದ ಯುರೋಪಿನವರು ಅದನ್ನು ಸೋಮಾರಿ ಎಂದರು. ನಮ್ಮ ಪೂರ್ವಿಕರು ಕಾಡಿನಲ್ಲಿ ನಿಧಾನವಾಗಿ ಹೆಜ್ಜೆಯಿಡುವ ಇಂಥದೇ ಒಂದು ಪ್ರಾಣಿಯನ್ನು ಕಂಡು 'ಕಾಡುಪಾಪ' ಎಂದು ಕರೆದರು. ಎರಡು ಹೆಸರುಗಳ ಹಿಂದಿರುವ ಮನಸ್ಸುಗಳ ಅಂತರವನ್ನು ಓದುಗರೇ ಅಳೆಯಲಿ. (ಇಲ್ಲೊಂದು ತಮಾಷೆಯೂ ಇದೆ. ನಮ್ಮ ಕರಡಿಯ ಉದ್ದನೆಯ ಉಗುರುಗಳನ್ನು ನೋಡಿ ಜಾರ್ಜ್ ಷಾ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ 1791ರಲ್ಲಿ ಅದನ್ನೂ ಈ ಸೋಮಾರಿಯ ಕುಲಕ್ಕೇ ಸೇರಿಸಿದ್ದ. ಇಂಗ್ಲಿಷಿನಲ್ಲಿ ಇಂದಿಗೂ ನಮ್ಮ ಕರಡಿಗೆ 'ಸ್ಲಾತ್ ಬೇರ್' ಎಂದೇ ಹೆಸರು. ಅದರ ಓಟವನ್ನು ಕಂಡವರು ಆ ಹೆಸರನ್ನು ಇಡುತ್ತಿರಲಿಲ್ಲ.)

ನಮ್ಮ ಜೊತೆಗಿದ್ದ ಇನ್ನೊಂದು ಸಂಸಾರದ ಯಜಮಾನರು ಪುತ್ತೂರಿನ ಕಡೆಯವರು, ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವವರು, ಸಜ್ಜನರು. ಎರಡನೆಯ ದಿನ ಬೆಳಿಗ್ಗೆ ಬೀದಿಯಲ್ಲಿ ಒಂದು ಸುತ್ತು ಬಂದು, "ಎಂತ ಮಾಷ್ಟ್ರೇ, ಈ ಊರಿನವರಿಗೆ ಕೆಲಸವೇ ಇಲ್ಲವಾ? ಎಲ್ಲ ಜಗಲಿಯಲ್ಲೇ ಕೂತಿದ್ದಾರಲ್ಲ! ಹೀಗಾದರೆ ಇವರು ಮುಂದೆ ಬರುವುದು ಹೇಗೆ?" ಎಂದರು. ಆಗ ಗಂಟೆ ಒಂಬತ್ತೂವರೆ. ನಾವು ತಂಗಿದ್ದ ಮನೆಯ ಒಡತಿಯೂ ಜಗಲಿಯಲ್ಲಿ ಕುಳಿತಿದ್ದರು. ಅರುವತ್ತು ದಾಟಿದ ಹೆಂಗಸು. ಆದರೆ ಆಕೆ ದಿನವೂ ನಸುಕಿನ ನಾಲ್ಕು ಗಂಟೆಗೆ ಏಳುತ್ತಿದ್ದರು. ವಯಸ್ಸಾದವರಿಗೆ ನಿದ್ದೆ ಕಡಿಮೆಯಷ್ಟೆ. ನಮ್ಮ ಮನೆಯವರು ಅಡುಗೆಮನೆಯ ಸದ್ದು ಕೇಳಿ ಎದ್ದುಹೋಗಿ, ಭಾಷೆ ಬಾರದಿದ್ದರೂ ತೆಂಗಿನಕಾಯಿ ತುರಿಯಲು ಕೈಜೋಡಿಸಿ, ಆ ಐದು ದಿನಗಳಲ್ಲಿ ಅವರ ಗೆಳತಿಯೇ ಆಗಿಬಿಟ್ಟಿದ್ದರು. ತೆಂಗಿನ ಹಾಲು ಹಿಂಡಿ, ಹಿಟ್ಟು ನಾದಿ, ಬ್ರೆಡ್ಡು ಬೇಯಿಸಿ, ಎಂಟು ಗಂಟೆಯೊಳಗೆ ಅಂಗಡಿಗಳಿಗೆ ಕಳುಹಿಸಿದ ಮೇಲೆ ಆಕೆ ಜಗಲಿಗೆ ಬಂದು ಕೂರುತ್ತಿದ್ದರು. ಒಂಬತ್ತಕ್ಕೆ ಏಳುವ ಪ್ರವಾಸಿಗೆ ಕಾಣುವುದು ಆ ಕೂರುವಿಕೆ ಮಾತ್ರ. ಮಂಜೇಶ್ವರ, ಕುಂಬಳೆಯ ತೀರಗಳಲ್ಲಿ ಮಧ್ಯಾಹ್ನ ತೆಂಗಿನ ನೆರಳಲ್ಲಿ ಮಲಗಿದ ಬೆಸ್ತರನ್ನು ಕಂಡು ಇದೇ ಮಾತನ್ನಾಡುವ ಪೇಟೆಯವರನ್ನು ನಾವು ಕಂಡಿಲ್ಲವೆ? ಅವರು ದೋಣಿಯನ್ನು ನೀರಿಗಿಳಿಸಿದ ಹೊತ್ತಿನಲ್ಲಿ ಈ ವಿಮರ್ಶಕರು ಎರಡನೆಯ ಮಗ್ಗುಲಿಗೆ ಹೊರಳಿರುತ್ತಾರೆ.

ಆದರೆ ಪ್ರಶ್ನೆ ಅಷ್ಟಕ್ಕೇ ಮುಗಿಯುವುದಿಲ್ಲ. 'ಅವರೂ ದುಡಿಯುತ್ತಾರೆ, ನಮಗೆ ಕಾಣದ ಹೊತ್ತಿನಲ್ಲಿ ದುಡಿಯುತ್ತಾರೆ' ಎಂದು ಸಮರ್ಥಿಸಿದರೆ, ದುಡಿಮೆಯೇ ಮನುಷ್ಯನ ಬೆಲೆ ಎಂಬ ಆರೋಪಿಯ ಮಾನದಂಡವನ್ನು ನಾವೂ ಒಪ್ಪಿದಂತಾಯಿತು. ಆ ಮಾನದಂಡ ಆ ಜನರ ಬಾಳಿನಲ್ಲಿ ಏನು ಮಾಡಿತೆಂಬುದನ್ನು ನೋಡಬೇಕು.

ಕಾವೀತಾದ ಹಳೆಯ ಮನೆತನಗಳ ಮೂಲ ಪುರುಷರಲ್ಲಿ ಕೆಲವರು ಆಮೆ ಹಿಡಿಯಲು ಪನಾಮಾದ ಕಡೆಯಿಂದ ಬಂದು ನೆಲೆಸಿದವರು. ಹಲವರು ಜಮೈಕಾದಿಂದ ಕೂಲಿಗಾಗಿ ಬಂದವರು. ಕೋಸ್ಟರಿಕಾದ ಕಾಫಿಯನ್ನು ಅಟ್ಲಾಂಟಿಕ್ ಕಡೆಗೆ ಸಾಗಿಸಲೆಂದು ಸಾನ್ ಹೊಸೆಯಿಂದ ಲಿಮೋನಿಗೆ ರೈಲುದಾರಿಯ ಕೆಲಸ 1871ರಲ್ಲಿ ಮೊದಲಾಯಿತು. ಮೈನರ್ ಕೀತ್ ಎಂಬ ಅಮೆರಿಕನ್ ಗುತ್ತಿಗೆದಾರನ ಕೈಯಲ್ಲಿ ಅದು ಮುಗಿದದ್ದು 1890ರಲ್ಲಿ. ಜ್ವರ, ಭೇದಿ, ಪ್ರವಾಹಗಳಿಗೆ ಸಿಕ್ಕಿ ಸಾವಿರಾರು ಕೂಲಿಗಳು ಸತ್ತರು. ರೈಲಿನ ಬದಿಯ ನೆಲದಲ್ಲಿ ಕೀತ್ ಬಾಳೆ ನೆಡಿಸಿದ. 1899ರಲ್ಲಿ ಯುನೈಟೆಡ್ ಫ್ರೂಟ್ ಕಂಪನಿ ಹುಟ್ಟಿಕೊಂಡಿತು. ಮುಂದೆ ಜಗತ್ತಿನಾದ್ಯಂತ ಕಪ್ಪು ಜನರ ನಾಯಕನಾಗಿ ಹೆಸರಾದ ಮಾರ್ಕಸ್ ಗಾರ್ವಿ ತರುಣನಾಗಿದ್ದಾಗ, 1910ರ ಸುಮಾರಿಗೆ, ಲಿಮೋನಿಗೆ ಬಂದು ಈ ಕಂಪನಿಯ ತೋಟದಲ್ಲಿ ಕೆಲಸಕ್ಕಿದ್ದ. ಅವನ ಕೆಲಸವೇನು? ಯಾವ ಕೂಲಿ ಎಷ್ಟು ಹೊತ್ತು ದುಡಿದನೆಂದು ಬರೆದಿಡುವ ಗುಮಾಸ್ತಿಕೆ. ಪರರ ಹೊತ್ತನ್ನು ಪರರ ಪುಸ್ತಕದಲ್ಲಿ ಲೆಕ್ಕವಿಡುತ್ತ ಕುಳಿತವನಿಗೆ ಅಲ್ಲಿ ಏನು ಕಂಡಿತೋ, ಅವನ ಮುಂದಿನ ಬಾಳೆಲ್ಲ ಆ ಲೆಕ್ಕದ ವಿರುದ್ಧ ನಡೆಯಿತು.

ನಮ್ಮ ಮನೆಯೊಡತಿಯ ಅಜ್ಜನೂ ಬಾಳೆಯ ತೋಟದಲ್ಲಿ ಗೊನೆ ಹೊತ್ತವರಂತೆ. ಒಂದು ದಿನ ಕೂಲಿಯನ್ನು ಬಿಟ್ಟು, ಕಡಲ ಬದಿಯ ಕಾಡನ್ನು ಕಡಿದು ಕೊಕ್ಕೋ ನೆಟ್ಟರು. ಆದಾಯ ಹೆಚ್ಚಿತೆ ಎಂದು ನಾವು ಮಗಳ ಮೂಲಕ ಕೇಳಿಸಿದೆವು. ಹೆಚ್ಚಲಿಲ್ಲ, ಆದರೆ ಮೇಲೆ ನಿಂತು ನೋಡುವವರು ಇಲ್ಲವಾದರು ಎಂದರು.

ಆ ಅಜ್ಜನ ಹಿರಿಯರು ಜಮೈಕಾದಲ್ಲಿ ಗುಲಾಮರಾಗಿದ್ದವರು; ಅಲ್ಲಿ ಗುಲಾಮಗಿರಿಯಿಂದ ಪೂರ್ಣ ಬಿಡುಗಡೆಯಾದದ್ದು 1838ರಲ್ಲಿ. ಬಿಡುಗಡೆಯಾದವರು ಕಬ್ಬಿನ ತೋಟಕ್ಕೆ ಹಿಂದಿರುಗುವ ಬದಲು ತಮ್ಮದೇ ತುಂಡು ನೆಲದಲ್ಲಿ ಗೆಡ್ಡೆ, ತರಕಾರಿ ಬೆಳೆದುಕೊಂಡು ಬದುಕಲು ಹೊರಟಾಗ ಮಾಲಿಕರು ಬೊಬ್ಬಿಟ್ಟರು. ಅವರ ಪರವಾಗಿ ಲೇಖನಿ ಹಿಡಿದವನು ಸಾಮಾನ್ಯನಲ್ಲ, ಥಾಮಸ್ ಕಾರ್ಲೈಲ್. ಬಿ.ಎ. ತರಗತಿಯಲ್ಲಿ ಅವನ ಗದ್ಯದ ಗುಡುಗನ್ನು ಕೇಳಿ ಬೆಳೆದ ನಮ್ಮ ತಲೆಮಾರಿನವರಿಗೆ ದುಡಿಮೆಯ ಮಹಿಮೆಯನ್ನು ಸಾರಿದ ಋಷಿಯೆಂದೇ ಅವನ ಪರಿಚಯ. ಆ ಋಷಿ 1849ರ ಡಿಸೆಂಬರಿನಲ್ಲಿ 'ಫ್ರೇಸರ್ಸ್ ಮ್ಯಾಗಜೀನ್' ಪತ್ರಿಕೆಯಲ್ಲಿ ಬರೆದ ಲೇಖನವನ್ನು ನಮ್ಮ ಪಠ್ಯಗಳಲ್ಲಿ ಸೇರಿಸಿರಲಿಲ್ಲ. ಕಬ್ಬು ಕಟಾವಾಗದೆ ಕೊಳೆಯುತ್ತಿರುವಾಗ ಕರಿಯರು ಕುಂಬಳಕಾಯಿ ತಿನ್ನುತ್ತ ಸುಖವಾಗಿ ಕುಳಿತಿದ್ದಾರೆ, ತಾವಾಗಿ ದುಡಿಯದವರನ್ನು ಬಲಾತ್ಕಾರದಿಂದ ದುಡಿಸಬೇಕು ಎಂಬುದು ಅದರ ಸಾರ. ಮುಂದಿನ ತಿಂಗಳೇ ಅದೇ ಪತ್ರಿಕೆಯಲ್ಲಿ ಜಾನ್ ಸ್ಟುವರ್ಟ್ ಮಿಲ್ ಉತ್ತರಿಸಿದ. ದುಡಿಮೆ ತನ್ನಷ್ಟಕ್ಕೆ ತಾನೇ ಒಳ್ಳೆಯದೇನಲ್ಲ. ಯಾವುದಕ್ಕಾಗಿ ದುಡಿಯುತ್ತೇವೆ ಎಂಬುದರಿಂದ ಅದಕ್ಕೆ ಬೆಲೆ ಬರುತ್ತದೆ. ಬದುಕಿಗೆ ಬೇಕಾದಷ್ಟನ್ನು ದುಡಿದ ಮೇಲೆ ಬಿಡುವೂ ಮನುಷ್ಯನಿಗೆ ಸಲ್ಲಬೇಕಾದದ್ದೇ ಎಂಬುದು ಅವನ ವಾದದ ತಾತ್ಪರ್ಯ. ಕಾರ್ಲೈಲನ ವಾಕ್ಯಗಳು ಮಿಲ್ಲನವುಗಳಿಗಿಂತ ಚೆಲುವಾಗಿವೆ ಎಂಬುದನ್ನು ಒಪ್ಪಲೇಬೇಕು. ನ್ಯಾಯ ಮಾತ್ರ ಮಿಲ್ಲನ ಕಡೆಗಿದೆ.

ಕಾರ್ಲೈಲನ ಲೇಖನವನ್ನು ಎದುರಿಗಿಟ್ಟುಕೊಂಡು ನೋಡಿದರೆ 'ಸೋಮಾರಿ' ಎಂಬ ಪದದ ಒಳಗುಟ್ಟು ತಿಳಿಯುತ್ತದೆ. ತನ್ನ ಹಿತ್ತಲಲ್ಲಿ ಕುಂಬಳ ಬೆಳೆದು ತಿಂದವನು ಏನನ್ನೂ ಮಾಡಲಿಲ್ಲವೆಂದಲ್ಲ. ಕುಂಬಳವೇನು ತಾನಾಗಿ ಮಾಗುವುದೆ? ಅವನು ತಮಗಾಗಿ ದುಡಿಯಲಿಲ್ಲ ಎಂಬುದೇ ಮಾಲಿಕರ ದೂರು. ಬಹುಮಟ್ಟಿಗೆ ಎಲ್ಲ ಕಾಲಗಳಲ್ಲಿಯೂ ಒಂದು ಜನಸಮುದಾಯವನ್ನು ಸೋಮಾರಿ ಎಂದು ಕರೆದವರು ಅವರಿಂದ ಕಡಿಮೆ ಕೂಲಿಗೆ ದುಡಿಸಬಯಸಿದವರೇ.

ನಾವು ಕನ್ನಡಿಗರು ಕಾಯಕದ ಹೆಸರನ್ನು ಎತ್ತಿದೊಡನೆ ಎದೆಯುಬ್ಬಿಸುವವರು. ಅದು ತಕ್ಕದ್ದೇ. ಆದರೆ ಕಾಯಕವೆಂಬುದನ್ನು ಕಾರ್ಲೈಲನ ದುಡಿಮೆಯೊಂದಿಗೆ ಸಮೀಕರಿಸುವುದು ಶರಣರಿಗೆ ಮಾಡುವ ಅನ್ಯಾಯ. ಆಯ್ದಕ್ಕಿ ಮಾರಯ್ಯ-ಲಕ್ಕಮ್ಮನವರ ಕಥೆಯನ್ನು ನಮ್ಮ ಸಂಘದ ಸದಸ್ಯರಿಗೆ ಹೇಳಬೇಕಾದ್ದಿಲ್ಲ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಮೆಚ್ಚಲಿಲ್ಲ. ಹೆಚ್ಚಾದುದನ್ನು ಹಿಂದಕ್ಕೆ ಸುರಿದು ಬಾ ಎಂದಳು. ಇಂದಿನ ಕಂಪನಿಯ ಲೆಕ್ಕದಲ್ಲಿ ಮಾರಯ್ಯ ದಕ್ಷ, ಲಕ್ಕಮ್ಮ ಪ್ರಗತಿಯ ಶತ್ರು. ಶರಣರ ಲೆಕ್ಕದಲ್ಲಿ 'ಸಾಕು' ಎಂದು ಹೇಳಬಲ್ಲ ವಿವೇಕ ಕಾಯಕದ ಒಂದು ಭಾಗ. ಮನೆಯೊಡತಿ ಎಂಟು ಗಂಟೆಗೆ ಒಲೆಯಾರಿಸಿದಾಗ ಇನ್ನೊಂದು ಸುತ್ತು ಬ್ರೆಡ್ಡು ಬೇಯಿಸಬಹುದಿತ್ತು, ಕೊಳ್ಳುವವರಿದ್ದರು. ಬೇಯಿಸಲಿಲ್ಲ.

ನಮ್ಮ ಭಾಷೆಯೂ ಈ ವಿಷಯದಲ್ಲಿ ಬಡವಾಗಿಲ್ಲ. ಆಲಸ್ಯ ಬೇರೆ, ಬಿಡುವು ಬೇರೆ. ಪಾರಸಿಯಿಂದ ಬಂದು ನಮ್ಮದೇ ಆಗಿಹೋದ 'ಪುರುಸೊತ್ತು' ಇನ್ನೂ ಬೇರೆ. ಸಾವಧಾನ ಎಂಬ ಪದವನ್ನು ನೋಡಿ: ಅವಧಾನದೊಡನೆ, ಅಂದರೆ ಪೂರ್ಣ ಗಮನವಿಟ್ಟು ಇರುವುದು ಎಂಬುದೇ ಅದರ ಅರ್ಥ, ಬಳಕೆಯಲ್ಲಿ ಅವಸರವಿಲ್ಲದಿರುವಿಕೆಗೂ ಅದನ್ನೇ ಹೇಳುತ್ತೇವೆ. ಆಲಸಿ ಮಾಡಬೇಕಾದದ್ದನ್ನು ಬಿಟ್ಟವನು. ಸಾವಧಾನಿ ಮಾಡುವುದನ್ನು ಗಮನವಿಟ್ಟು ಮಾಡುವವನು. ಹೊರಗಿನಿಂದ ನೋಡುವವನಿಗೆ ಇಬ್ಬರೂ ಒಂದೇ ವೇಗದಲ್ಲಿ ಕಾಣಬಹುದು. ನಮ್ಮ ಪುತ್ತೂರಿನ ಮಿತ್ರರಿಗೆ ರಜೆಯ ಐದು ದಿನಗಳಲ್ಲಿ ಸಮುದ್ರದ ನಡುವೆ ಸೊಂಟದ ಮಟ್ಟ ನೀರಲ್ಲಿ ನಿಂತಾಗಲೂ ಫೋನು ಬರುತ್ತಿತ್ತು. ದಂಡೆಯಿಂದ ಮಗ ಕೂಗುತ್ತಿದ್ದ, ಅವರು ಓಡಿಬರುತ್ತಿದ್ದರು. ಅವರನ್ನು ಹಾಸ್ಯಮಾಡುವ ಉದ್ದೇಶ ನಮಗಿಲ್ಲ, ಆ ಫೋನಿನಿಂದಲೇ ಊರಿನಲ್ಲಿ ಮೂರು ಮನೆಗಳು ನಡೆಯುತ್ತಿವೆ. ಆದರೆ ಜಗಲಿಯಲ್ಲಿ ಕುಳಿತವರನ್ನು ಕುರಿತು ತೀರ್ಪು ನೀಡುವಾಗ ಅವರ ದನಿಯಲ್ಲಿ ತಿರಸ್ಕಾರಕ್ಕಿಂತ ಅಸೂಯೆ ಹೆಚ್ಚಾಗಿತ್ತೆಂದು ನಮಗನಿಸಿತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಅಪಾಯವನ್ನೂ ಹೇಳದಿದ್ದರೆ ಅರ್ಧ ಸತ್ಯವಾದೀತು. ನಿಧಾನದ ಬಾಳನ್ನು ಕೊಂಡಾಡುವುದೂ ಒಂದು ಬಗೆಯ ಅವಮಾನವಾಗಬಹುದು. ಪ್ರವಾಸದ ಪುಸ್ತಿಕೆಗಳಲ್ಲಿ ಕಾವೀತಾವನ್ನು 'ಕಾಲ ನಿಂತುಹೋದ ಊರು' ಎಂಬಂತೆ ವರ್ಣಿಸುತ್ತಾರೆ. ಕಾಲ ಅಲ್ಲಿ ಎಂದೂ ನಿಂತಿಲ್ಲ. ಬಾಳೆಯ ರೋಗದಿಂದ ಕಂಪನಿ ಪೆಸಿಫಿಕ್ ಕರಾವಳಿಗೆ ಹೋದಾಗ, 1934ರ ಒಪ್ಪಂದದಲ್ಲಿ ಆ ಕಡೆಯ ತೋಟಗಳಿಗೆ ಕಪ್ಪು ಜನರನ್ನು ಸೇರಿಸಕೂಡದೆಂದು ಸರಕಾರವೇ ಬರೆಯಿತು. ಕಾಲುಶತಮಾನಕ್ಕೂ ಮೀರಿ ದುಡಿದವರು ಇದ್ದಲ್ಲಿಯೇ ಉಳಿದರು. ಅಲ್ಲೇ ಹುಟ್ಟಿದವರಿಗೂ ಪೌರತ್ವ ಸರಿಯಾಗಿ ದೊರೆತದ್ದು 1948ರ ಅಂತರ್ಯುದ್ಧದ ಬಳಿಕ. 1977ರಲ್ಲಿ ಬಂದ ಕಡಲತೀರದ ಕಾನೂನು ಭರತರೇಖೆಯಿಂದ 200 ಮೀಟರಿನವರೆಗಿನ ನೆಲವನ್ನು ಸಾರ್ವಜನಿಕವೆಂದಿತು. ಉದ್ದೇಶ ಒಳ್ಳೆಯದು, ತೀರವು ಹಣವಂತರ ಪಾಲಾಗದಿರಲಿ ಎಂದು. ತಲೆಮಾರುಗಳಿಂದ ದಂಡೆಯಲ್ಲೇ ಬಾಳಿದವರು ಮಾತ್ರ ತಮ್ಮ ಮನೆಗಳಲ್ಲೇ ಪರಾಧೀನರಾದರು.

ಇದಾದ ಒಂದೆರಡು ವರ್ಷಗಳಲ್ಲೇ ಕೊಕ್ಕೋ ತೋಟಗಳಿಗೆ ಮೊನಿಲಿಯಾ ಎಂಬ ಶಿಲೀಂಧ್ರ ರೋಗ ಬಡಿಯಿತು. ಕಾಯಿ ಮರದಲ್ಲಿಯೇ ಬಿಳಿ ಬೂಷ್ಟು ಹಿಡಿದು ಒಳಗೆ ಕೊಳೆಯುತ್ತದೆ. ಅಡಿಕೆಯ ಕೊಳೆರೋಗವನ್ನು ಕಂಡವರಿಗೆ, ಅಡಿಕೆ ತೋಟದ ನಡುವೆ ಕೊಕ್ಕೋ ನೆಟ್ಟು 1980ರ ಆಸುಪಾಸಿನಲ್ಲಿ ಬೆಲೆ ಕುಸಿದಾಗ ಗಿಡಗಳನ್ನೇ ಕಡಿದ ನಮ್ಮ ಕಡೆಯ ಕೃಷಿಕರಿಗೆ, ಈ ಸಂಕಟವನ್ನು ವಿವರಿಸಬೇಕಾಗಿಲ್ಲ. ನಮಗೆ ಆಗ ಕ್ಯಾಂಪ್ಕೊ ಇತ್ತು; ಅದು ಕೊಕ್ಕೋ ಕೊಂಡಿತು, ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೂ ಕಟ್ಟಿತು. ಅಲ್ಲಿ ಫಸಲೇ ಇಲ್ಲದಾಯಿತು. ಹಲವರು ನೆಲ ಮಾರಿದರು. ಕೊಂಡವರು ಹೆಚ್ಚಾಗಿ ಹೊರಗಿನವರು. ಯುವಕರು ರಾಜಧಾನಿಗೋ ಹಡಗಿನ ಕೆಲಸಕ್ಕೋ ಹೋದರು. ಹೀಗೆ ಜಗಲಿಯಲ್ಲಿ ಕುಳಿತವರಲ್ಲಿ ಬಿಡುವನ್ನು ಆರಿಸಿಕೊಂಡವರೂ ಇದ್ದಾರೆ, ಕೆಲಸ ಸಿಗದೆ ಕುಳಿತವರೂ ಇದ್ದಾರೆ. ಪ್ರವಾಸಿಯ ಕ್ಯಾಮೆರಾದಲ್ಲಿ ಇಬ್ಬರೂ ಒಂದೇ ನೆಮ್ಮದಿಯ ಚಿತ್ರವಾಗುತ್ತಾರೆ.

ಕಾಡಿನೊಳಗಿನ ತಾಲಮಾಂಕಾ ಬೆಟ್ಟದ ತಪ್ಪಲಿಗೂ ಒಂದು ದಿನ ಹೋಗಿಬಂದೆವು. ಅಲ್ಲಿರುವ ಬ್ರಿಬ್ರಿ ಮೂಲನಿವಾಸಿಗಳಲ್ಲಿ ಕುಲ ತಾಯಿಯ ಕಡೆಯಿಂದ ಬರುತ್ತದೆ, ನಮ್ಮ ಅಳಿಯಸಂತಾನದ ಹಾಗೆ. ವಿಧಿಗಳಲ್ಲಿ ಕೊಕ್ಕೋ ಪಾನೀಯವನ್ನು ಸಿದ್ಧಪಡಿಸುವ ಅಧಿಕಾರ ಹೆಂಗಸರಿಗೆ ಮಾತ್ರ. ಹುರಿದ ಬೀಜವನ್ನು ಕಲ್ಲಿನ ಮೇಲೆ ಅರೆದು ಬಿಸಿನೀರಲ್ಲಿ ಕದಡಿ ಕೊಟ್ಟರು. ಕಹಿಯಾಗಿತ್ತು, ಮೊಮ್ಮಕ್ಕಳು ಒಂದು ಗುಟುಕಿಗೇ ನಿಲ್ಲಿಸಿದರು.

ಗಡಿನಾಡಿನ ಕನ್ನಡ ಶಾಲೆಯ ಮಾಷ್ಟ್ರಾಗಿದ್ದ ನಮ್ಮ ಗಮನವನ್ನು ಹೆಚ್ಚಾಗಿ ಸೆಳೆದದ್ದು ಅವರ ಮಾತು. ಸ್ಪ್ಯಾನಿಷ್ ದೇಶದಲ್ಲಿ ಅವರ ಮನೆಮಾತು ಜಮೈಕಾದಿಂದ ತಂದ ಒಂದು ಬಗೆಯ ಇಂಗ್ಲಿಷ್. ಅದನ್ನು ಅವರು 'ಮೆಕಾಟೆಲ್ಯು' ಎನ್ನುತ್ತಾರೆ, 'ನಾನು ಹೇಳುತ್ತೇನೆ ಕೇಳು' ಎಂಬ ಮಾತೇ ಭಾಷೆಯ ಹೆಸರಾಗಿದೆ. ದಾರಿಯಲ್ಲಿ ಸಿಕ್ಕಿದವರನ್ನು 'ವಾಪೀನ್?' ಎಂದು ಮಾತನಾಡಿಸುತ್ತಾರೆ. ನಮ್ಮ 'ಎಂತ ವಿಶೇಷ?' ಎನ್ನುವುದಕ್ಕೆ ಸರಿಯಾದ ಪ್ರಯೋಗ. ಹಿಂದೆ ಜಮೈಕಾದ ಉಪಾಧ್ಯಾಯರನ್ನು ಕರೆಸಿ ಊರವರೇ ಇಂಗ್ಲಿಷ್ ಶಾಲೆಗಳನ್ನು ನಡೆಸುತ್ತಿದ್ದರು. ಸರಕಾರದ ಸ್ಪ್ಯಾನಿಷ್ ಶಾಲೆ ಬಂದ ಮೇಲೆ ಅವು ಒಂದೊಂದಾಗಿ ಬಾಗಿಲು ಹಾಕಿದವು. ಹತ್ತಿರದ ಊರುಗಳ ಹೆಸರುಗಳೂ ಬದಲಾದವು: 'ಓಲ್ಡ್ ಹಾರ್ಬರ್' ಇದ್ದದ್ದು 'ಪ್ವೆರ್ತೊ ವಿಯೆಹೊ', 'ಗ್ರೇಪ್ ಪಾಯಿಂಟ್' ಇದ್ದದ್ದು 'ಪುಂತಾ ಊವಾ'. ಅರ್ಥ ಅದೇ, ನಾಲಗೆ ಬೇರೆ. 1956ರ ನವೆಂಬರ್ 1ರ ಬಳಿಕ ಬಸ್ಸಿನ ಹಲಗೆಗಳಲ್ಲಿ ಮಂಜೇಶ್ವರ 'ಮಂಜೇಶ್ವರಂ' ಆಗುವುದನ್ನು ನೋಡುತ್ತ ಬೆಳೆದ ನಮಗೆ ಇದರ ಮೇಲೆ ಟೀಕೆ ಬೇಕಾಗಲಿಲ್ಲ. ಅವಸರವಿಲ್ಲದೆ ಜಗಲಿಯಲ್ಲಿ ಕುಳಿತು ಹರಟುವ ಹಿರಿಯರಿರುವವರೆಗೆ ಆ ಮಾತು ಉಳಿದೀತು ಎಂದು ಮಾತ್ರ ಅನಿಸಿತು. ಶಾಲೆಯಿಲ್ಲದ ಭಾಷೆಗೆ ಜಗಲಿಯೇ ಶಾಲೆ. ಪುರುಸೊತ್ತು ಇಲ್ಲದ ಮನೆಗಳಲ್ಲಿ ಮನೆಮಾತು ಎಷ್ಟು ಬೇಗ ಸೊರಗುತ್ತದೆಂಬುದನ್ನು ನಮ್ಮ ಸಂಘದವರೂ ಬಲ್ಲರು.

'ಇವರಿಗೆ ಮುಂದೆ ಬರುವ ಉತ್ಸಾಹವಿಲ್ಲ' ಎಂಬ ಮಾತಿಗೆ ಊರಿನ ಅಂಚಿನಲ್ಲಿರುವ ರಾಷ್ಟ್ರೀಯ ಉದ್ಯಾನವೇ ಉತ್ತರ. ಸುಮಾರು ಸಾವಿರ ಹೆಕ್ಟೇರ್ ಕಾಡು, ಅದರ ಮುಂದೆ ಹವಳದ ದಿಬ್ಬ. 1970ರಲ್ಲಿ ಸಂರಕ್ಷಿತವೆಂದೂ 1978ರಲ್ಲಿ ರಾಷ್ಟ್ರೀಯ ಉದ್ಯಾನವೆಂದೂ ಸರಕಾರ ಸಾರಿತು. ಊರವರ ತೋಟಗಳೂ ಒಳಗೆ ಸಿಕ್ಕಿಹಾಕಿಕೊಂಡವು. 1991ರ ಏಪ್ರಿಲ್ 22ರ ಭೂಕಂಪದಲ್ಲಿ ತೀರವೇ ಮೇಲೆದ್ದು, ಹವಳದ ಒಂದು ಭಾಗ ಬಿಸಿಲಿಗೆ ಬಿದ್ದು ಸತ್ತಿತು. 1994ರಲ್ಲಿ ಸರಕಾರ ವಿದೇಶೀಯರ ಪ್ರವೇಶ ಶುಲ್ಕವನ್ನು ಒಮ್ಮೆಲೇ 15 ಡಾಲರಿಗೆ ಏರಿಸಿದಾಗ, ಪ್ರವಾಸಿಗಳು ಬಾರದಿದ್ದರೆ ಊರಿನ ಗತಿಯೇನೆಂದು ಜನ ಎದ್ದರು. ಜಗಲಿಯಲ್ಲಿ ಕೂರುವ ಇದೇ ಜನ ಊರಿನ ಕಡೆಯ ಬಾಗಿಲನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಕೊನೆಗೆ ಸರಕಾರ ಒಪ್ಪಂದಕ್ಕೆ ಬಂದು, ಊರಿನ ಪ್ರತಿನಿಧಿಗಳೂ ಅಧಿಕಾರಿಗಳೂ ಕೂಡಿ ಉದ್ಯಾನವನ್ನು ನೋಡಿಕೊಳ್ಳುವ ಸಮಿತಿ ಏರ್ಪಟ್ಟಿತು. ಊರಿನ ಬಾಗಿಲಲ್ಲಿ ನಿಗದಿಯಾದ ಟಿಕೇಟು ಇಲ್ಲ. ಬಂದವರು ತೋಚಿದ್ದನ್ನು ಕೊಡಬೇಕು.

ನಾವು ಹೋದ ದಿನ ಅಲ್ಲಿ ಸಣ್ಣ ಚರ್ಚೆಯೇ ನಡೆಯಿತು. "ಕಡ್ಡಾಯ ಅಲ್ಲವಲ್ಲ?" ಎಂದರು ಮಿತ್ರರು. "ದೇವಸ್ಥಾನದ ಕಾಣಿಕೆ ಡಬ್ಬಿಯೂ ಕಡ್ಡಾಯ ಅಲ್ಲ" ಎಂದರು ನಮ್ಮ ಮನೆಯವರು. ಈ ಸಂದರ್ಭದಲ್ಲಿ ನಿಜವಾಗಿ ಪರೀಕ್ಷೆಗೆ ಒಳಗಾಗುವವನು ಅತಿಥಿ. ಟಿಕೇಟು ಕೊಂಡವನು ಲೆಕ್ಕ ಚುಕ್ತಾ ಆಯಿತೆಂದು ನಿಶ್ಚಿಂತನಾಗಿ ಒಳಗೆ ಹೋಗಬಹುದು. ಕೊಡುವುದು ನಿನಗೆ ಬಿಟ್ಟದ್ದು ಎಂದಾಗ, ಈ ನೆಲದಿಂದ ತಾನು ಏನನ್ನು ಪಡೆಯುತ್ತಿದ್ದೇನೆ, ಇದನ್ನು ಉಳಿಸಿದವರು ಯಾರು ಎಂದು ಆತನೇ ನಿಂತು ಯೋಚಿಸಬೇಕು. ಇನ್ನೊಬ್ಬರ ನಿಧಾನದಲ್ಲಿ ನಾಲ್ಕು ದಿನ ವಿಶ್ರಮಿಸಿ, ಹಿಂದಿರುಗಿದ ಮೇಲೆ ಅವರನ್ನು ಸೋಮಾರಿಗಳೆಂದು ವರ್ಣಿಸುವವನು ಉಂಡ ಮನೆಯ ಗಳ ಎಣಿಸುವವನು. ನಮ್ಮ ಮಿತ್ರರು ಕೊನೆಗೆ ಟಿಕೇಟಿನ ಲೆಕ್ಕಕ್ಕಿಂತ ಹೆಚ್ಚನ್ನೇ ಕೊಟ್ಟರೆಂಬುದನ್ನು ಇಲ್ಲಿ ದಾಖಲಿಸುವುದು ನ್ಯಾಯ.

ಆ ಊರಿನಲ್ಲಿ ವಾಲ್ಟರ್ ಫರ್ಗ್ಯೂಸನ್ ಎಂಬ ಹಾಡುಗಾರರಿದ್ದರು. 1919ರಲ್ಲಿ ಹುಟ್ಟಿ, ನೂರಮೂರು ವರ್ಷ ಬದುಕಿ, 2023ರಲ್ಲಿ ತೀರಿಕೊಂಡರು. ಕೃಷಿ ಮಾಡುತ್ತ, ಊರಿನ ಸುದ್ದಿಗಳನ್ನೂ ಜಗಳಗಳನ್ನೂ ಉದ್ಯಾನದ ತಕರಾರನ್ನೂ ಕ್ಯಾಲಿಪ್ಸೊ ಧಾಟಿಯಲ್ಲಿ ಹಾಡು ಕಟ್ಟಿದವರು. ಪ್ರವಾಸಿಗಳು ಹಾಡು ಬೇಕೆಂದು ಕೇಳಿದರೆ, ಗಿಟಾರು ಹಿಡಿದು ಟೇಪ್ ರೆಕಾರ್ಡರಿನ ಮುಂದೆ ಕುಳಿತು ಹಾಡಿ, ಆ ಕ್ಯಾಸೆಟ್ಟನ್ನು ಕೊಡುತ್ತಿದ್ದರು. ಪ್ರತಿ ಮಾಡುವ ಯಂತ್ರ ಅವರಲ್ಲಿರಲಿಲ್ಲ. ಇನ್ನೊಬ್ಬರು ಕೇಳಿದರೆ ಇನ್ನೊಮ್ಮೆ ಮೊದಲಿನಿಂದ ಹಾಡುತ್ತಿದ್ದರು. ಹೀಗೆ ಒಂದರಂತೆ ಇನ್ನೊಂದಿಲ್ಲದ ಎಷ್ಟೋ ಕ್ಯಾಸೆಟ್ಟುಗಳು ಅತಿಥಿಗಳ ಚೀಲಗಳಲ್ಲಿ ಯುರೋಪ್, ಅಮೆರಿಕಗಳಿಗೆ ಹೋದವು. ಕೆಲವು ಹಾಡುಗಳು ಊರಿನಲ್ಲಿ ಯಾರ ಬಳಿಯೂ ಉಳಿಯಲಿಲ್ಲ. ಆ ಕ್ಯಾಸೆಟ್ಟುಗಳನ್ನು ಕೊಂಡೊಯ್ದವರನ್ನು ದೇಶದೇಶಗಳಲ್ಲಿ ಹುಡುಕಿ, ಹಾಡುಗಳನ್ನು ಮರಳಿ ಸಂಗ್ರಹಿಸುವ ಯತ್ನ ಇತ್ತೀಚಿನ ವರ್ಷಗಳಲ್ಲಿ ನಡೆದಿದೆ. ಕೆಲವರು ಹಳೆಯ ಪೆಟ್ಟಿಗೆಗಳನ್ನು ತೆರೆದು ನೋಡಿ, ಇದೆ, ಕಳುಹಿಸುತ್ತೇವೆ ಎಂದಿದ್ದಾರೆ.